ಕುದುರೆಯನ್ನೇರುವ ಮುನ್ನ

ಕುದುರೆ ಕಂಡರೆ ಕಾಲುನೋವು ಎಂಬ ಗಾದೆ ನಮ್ಮವರ ಬಾಯಲ್ಲಿ ಬಹಳ ಹಳೆಯದು. ಅದನ್ನು ಕಟ್ಟಿದವರ ಕಾಲಕ್ಕೆ ಬಾಗಿಲಿಗೆ ಬಂದು ನಿಂತರೆ ಬೀದಿಯಲ್ಲಿ ಕುದುರೆ ಕಾಣುತ್ತಿತ್ತು. ಈಗ ಪುಣೆಯಲ್ಲಿ ನೆಲೆಸಿದ ನಮ್ಮ ಮಕ್ಕಳಿಗೆ ಕುದುರೆ ಕಣ್ಣಿಗೆ ಬೀಳುವುದು ಮದುವೆಯ ಮೆರವಣಿಗೆಯಲ್ಲಿ, ಮಹಾಬಳೇಶ್ವರದ ವೇಣ್ಣಾ ಕೆರೆಯ ದಂಡೆಯಲ್ಲಿ, ಪಂಚಗಣಿಯ ಬಯಲಿನಲ್ಲಿ. ಮಳೆಗಾಲದಲ್ಲಿ ಕ್ಯಾಂಪಿನ ರೇಸಿನ ಮೈದಾನದ ಬೇಲಿಯ ಆಚೆಗೆ. ಅಷ್ಟಾದರೂ ಕುದುರೆಯನ್ನು ಕಂಡ ಕೂಡಲೇ ಮಗುವಿಗೆ ನಡೆಯುವುದು ಬೇಡವಾಗಿ ಏರುವುದೇ ಬೇಕಾಗುತ್ತದೆ. ಗಾದೆ ಇನ್ನೂ ಸತ್ತಿಲ್ಲ.

ಕಳೆದ ಸಂಚಿಕೆಯಲ್ಲಿ ನಾವು ಮಕ್ಕಳಿಗೆ ಈಜು ಕಲಿಸುವ ವಿಷಯ ಬರೆದಿದ್ದೆವು. ಅದನ್ನು ಓದಿ ಕೋಥರೂಡದ ಸಹೋದರಿಯೊಬ್ಬರು ಒಂದು ಪತ್ರ ಬರೆದಿದ್ದಾರೆ. ಅವರ ಹನ್ನೊಂದು ವರ್ಷದ ಮಗಳು ರಜೆಯಲ್ಲಿ ಕುದುರೆ ಸವಾರಿ ಕಲಿಯುತ್ತೇನೆಂದು ಹಟ ಹಿಡಿದಿದ್ದಾಳೆ. ತಂದೆಗೆ ಅರ್ಧ ಮನಸ್ಸು. ಅಜ್ಜಿಯವರು ಮಾತ್ರ, "ಹೆಣ್ಣು ಹುಡುಗಿ ಬಿದ್ದು ಕೈಕಾಲು ಮುರಕೊಂಡರ ಮುಂದೇನು ಗತಿ?" ಎಂದು ಕೇಳಿ ಎಲ್ಲರ ಬಾಯಿ ಕಟ್ಟಿಸಿದ್ದಾರೆ. "ನೀವೇ ಒಂದು ಮಾತು ಬರೆಯಿರಿ, ಹಾಗೇ ಸವಾರಿಯ ಸಾಮಾನಿನ ವಿಷಯವನ್ನೂ ತಿಳಿಸಿರಿ" ಎಂದು ಸಹೋದರಿಯವರ ಅಪ್ಪಣೆ. ಅಜ್ಜಿಯವರ ಪ್ರಶ್ನೆಯನ್ನು ನಾವು ಹಗುರಾಗಿ ನೋಡುವುದಿಲ್ಲ. ಸವಾರಿಯಲ್ಲಿ ಬೀಳುವುದುಂಟು, ಪೆಟ್ಟಾಗುವುದುಂಟು. ಆದರೆ ಆ ಪೆಟ್ಟುಗಳಲ್ಲಿ ಬಹಳಷ್ಟು ನಮ್ಮ ಕೈಯಲ್ಲಿರುವ ಸಂಗತಿಗಳಿಂದ ಆಗುವಂಥವು. ಅವನ್ನೇ ಈ ಸಲ ಬರೆಯುತ್ತೇವೆ.

ಇದು ಪರರ ವಿದ್ಯೆಯಲ್ಲ

ಮೊದಲು ಒಂದು ಮಾತು. ಕುದುರೆ ಎಂದರೆ ಸಾಹೇಬರ ಶೋಕಿ, ಶ್ರೀಮಂತರ ಆಟ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಕನ್ನಡಿಗರಿಗೆ ಈ ಭಾವನೆ ಒಪ್ಪುವುದಿಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಬರೆಯಿಸಿದ ಮಾನಸೋಲ್ಲಾಸದಲ್ಲಿ ಕುದುರೆಗಳ ಲಕ್ಷಣಕ್ಕೂ ಸವಾರಿಯ ವಿನೋದಕ್ಕೂ ಸ್ಥಾನವಿದೆ. 17ನೆಯ ಶತಮಾನದಲ್ಲಿ ಮೈಸೂರು ಸೀಮೆಯಲ್ಲಿ ಪದ್ಮಣ ಪಂಡಿತನು ಹಯಸಾರಸಮುಚ್ಚಯವೆಂಬ ಗ್ರಂಥವನ್ನು ಕನ್ನಡದಲ್ಲಿಯೇ ರಚಿಸಿದನು. ತುಮಕೂರು ಜಿಲ್ಲೆಯ ಕುಣಿಗಲ್ಲಿನ ಕುದುರೆ ಫಾರಮ್ಮಿಗೆ ಟಿಪ್ಪುವಿನ ಕಾಲದಿಂದ ಹೆಸರಿದೆ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾ ಊರನ್ನು ಗೆದ್ದ ಸವಾರರಲ್ಲಿ ಜೋಧಪುರದವರ ಸಂಗಡ ಮೈಸೂರು ಲ್ಯಾನ್ಸರ್ಸ್ ಪಡೆಯವರೂ ಇದ್ದರು.

ನಾವಿರುವ ಪುಣೆಯೂ ಕುದುರೆಯ ಊರೇ. 1817ರಲ್ಲಿ ಕಟ್ಟಿದ ಪೂನಾ ಹಾರ್ಸ್ ಎಂಬ ಸವಾರರ ಪಡೆ ಇಂದು ಟ್ಯಾಂಕುಗಳ ಪಡೆಯಾಗಿದ್ದರೂ ಹೆಸರಿನಲ್ಲಿ ಕುದುರೆಯನ್ನು ಬಿಟ್ಟುಕೊಟ್ಟಿಲ್ಲ. ಖಡಕವಾಸಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ಕಲಿಯುವ ತರುಣರಿಗೆ ಸವಾರಿಯ ಶಿಕ್ಷಣ ಇಂದಿಗೂ ಉಂಟು. ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟಿ ನಮ್ಮ ವಿಜಯಪುರ, ಕಲಬುರ್ಗಿ ಸೀಮೆಗೆ ಇಳಿದು ಬರುವ ಭೀಮಾ ನದಿಯ ದಂಡೆಯಲ್ಲಿ ಬೆಳೆದ ಗಟ್ಟಿಮುಟ್ಟಾದ ಸಣ್ಣ ಕುದುರೆಗಳಿಗೆ ಭೀಮಥಡಿ ಎಂದು ಹೆಸರು. ರಾಜಾ ಬಢೆಯವರು ಬರೆದು 2023ರಲ್ಲಿ ಮಹಾರಾಷ್ಟ್ರದ ರಾಜ್ಯಗೀತೆಯಾದ ಹಾಡಿನಲ್ಲಿ ಈ ಭೀಮಥಡಿಯ ತಟ್ಟುಗಳ ಹೆಸರು ಬರುತ್ತದೆ. ಕುರಿ ಕಾಯುವ ಧನಗರರು ಊರಿಂದೂರಿಗೆ ಹೋಗುವಾಗ ಗುಡಾರ, ಪಾತ್ರೆ, ಕೋಳಿ, ಕುರಿಮರಿಗಳನ್ನು ಹೇರಿಕೊಂಡು ಹೋಗುವ ತಟ್ಟುಗಳು ಈ ಜಾತಿಯವು. 2023-24ರಲ್ಲಿ ಕರ್ನಾಲಿನ ರಾಷ್ಟ್ರೀಯ ಪಶು ತಳಿ ಸಂಸ್ಥೆಯವರು ಇದನ್ನೊಂದು ಬೇರೆ ತಳಿಯೆಂದು ದಾಖಲೆ ಮಾಡಿಕೊಂಡಿದ್ದಾರೆ. ನದಿಯಂತೆ ಈ ಕುದುರೆಯೂ ಎರಡು ನಾಡಿಗೆ ಸೇರಿದ್ದು.

ಅಂಕಲಿಯ ಕುದುರೆಗಳು

ಕನ್ನಡನಾಡಿನಿಂದ ಪುಣೆಗೆ ಪ್ರತಿ ವರ್ಷ ನಡೆದು ಬರುವ ಎರಡು ಕುದುರೆಗಳ ವಿಷಯ ನಮ್ಮ ವಾಚಕರಲ್ಲಿ ಎಷ್ಟು ಜನರಿಗೆ ತಿಳಿದಿದೆಯೋ! ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಗೆ ಅಂಕಲಿ ಎಂಬ ಊರಿದೆ. ಅಲ್ಲಿಯ ಶಿತೋಳೆ ಸರದಾರರ ಮನೆತನದಿಂದ ಜ್ಞಾನೇಶ್ವರ ಮಹಾರಾಜರ ಪಾಲಖಿಗೆ ಕುದುರೆಗಳನ್ನು ಕಳಿಸುವ ಪದ್ಧತಿ 19ನೆಯ ಶತಮಾನದಲ್ಲಿ ಹೈಬತಬಾಬಾ ಅವರು ಪಾಲಖಿಯ ಮೆರವಣಿಗೆಯನ್ನು ಈಗಿನ ಕ್ರಮಕ್ಕೆ ತಂದ ಕಾಲದಿಂದ ನಡೆದುಬಂದಿದೆ. ಜ್ಯೇಷ್ಠ ಮಾಸದಲ್ಲಿ ಕುದುರೆಗಳು ಅಂಕಲಿಯನ್ನು ಬಿಟ್ಟು ಮಿರಜ, ಸಾಂಗಲಿ, ಸಾತಾರಾ ಸೀಮೆಗಳನ್ನು ದಾಟಿ ಸುಮಾರು ಮುನ್ನೂರು ಕಿಲೋಮೀಟರು ನಡೆದು ಹತ್ತು ಹನ್ನೊಂದು ದಿನಗಳಲ್ಲಿ ಪುಣೆಯ ಮೇಲಿಂದ ಆಳಂದಿಗೆ ಬರುತ್ತವೆ. ಅಲ್ಲಿಂದ ಪಾಲಖಿಯ ಸಂಗಡ ಪಂಢರಪುರದ ದಾರಿ. ಒಂದರ ಮೇಲೆ ನಿಶಾನೆ ಹಿಡಿದ ಸವಾರನಿರುತ್ತಾನೆ. ಇನ್ನೊಂದು 'ಮಾವುಲಿ'ಯ ಕುದುರೆ. ಅದರ ಬೆನ್ನ ಮೇಲೆ ಯಾರೂ ಕೂಡುವುದಿಲ್ಲ, ಜ್ಞಾನೇಶ್ವರರೇ ಕುಳಿತಿದ್ದಾರೆಂದು ವಾರಕರಿಗಳ ನಂಬಿಕೆ. ದಾರಿಯಲ್ಲಿ ರಿಂಗಣವಾಗುವಾಗ ಎರಡೂ ಕುದುರೆಗಳು ಜನರ ನಡುವೆ ಬಿಟ್ಟ ಜಾಗದಲ್ಲಿ ಓಡುತ್ತವೆ; ಅವುಗಳ ಗೊರಸಿನ ಧೂಳನ್ನು ಜನರು ಹಣೆಗೆ ಹಚ್ಚಿಕೊಳ್ಳುತ್ತಾರೆ.

ಭಕ್ತಿಯ ಮಾತು ಹಾಗಿರಲಿ. ಸವಾರಿ ಕಲಿಯುವವರು ಇಲ್ಲಿ ನೋಡಬೇಕಾದದ್ದು ಬೇರೊಂದಿದೆ. ಮುನ್ನೂರು ಕಿಲೋಮೀಟರನ್ನು ಹನ್ನೊಂದು ದಿನಕ್ಕೆ ಹಂಚಿದರೆ ದಿನಕ್ಕೆ ಇಪ್ಪತ್ತೇಳು ಕಿಲೋಮೀಟರಾಗುತ್ತದೆ. ದೂರದ ಕೆಲಸವನ್ನು ಕುದುರೆ ಮಾಡುವುದು ನಡಿಗೆಯಿಂದ, ಓಟದಿಂದಲ್ಲ. ರಿಂಗಣದ ಓಟ ಕೆಲವೇ ಗಳಿಗೆಯದು. ಅದರ ಹಿಂದೆ ದಿನಗಟ್ಟಲೆಯ ನಡಿಗೆ ಇದೆ, ನೀರು ಕುಡಿಸಿದ್ದು, ಮೈ ತಿಕ್ಕಿದ್ದು, ಲಾಳ ನೋಡಿದ್ದು ಇದೆ. ಸಾವಿರಾರು ಜನರ ಗದ್ದಲದಲ್ಲಿ, ತಾಳ ಮೃದಂಗಗಳ ನಡುವೆ ಒಂದು ಪ್ರಾಣಿ ಬೆದರದೆ ನಿಲ್ಲಬೇಕಾದರೆ ಅದನ್ನು ಹಿಡಿದವನ ಮೇಲೆ ಅದಕ್ಕೆ ಭರವಸೆ ಇರಲೇಬೇಕು. ಆ ಭರವಸೆಯನ್ನು ಗಳಿಸುವುದೇ ಸವಾರಿ. ಮಿಕ್ಕದ್ದೆಲ್ಲ ಅಂಗಸಾಧನೆ.

ಹತ್ತಿರ ಹೋಗುವ ರೀತಿ

ಕುದುರೆ ಬಲಶಾಲಿಯಾದರೂ ಸ್ವಭಾವದಿಂದ ಅಂಜುಬುರುಕ. ಹುಲ್ಲುಗಾವಲಿನಲ್ಲಿ ಹುಲಿ ತೋಳಗಳಿಂದ ಓಡಿ ಬದುಕಿದ ಜಾತಿ ಅದು. ಸಂಶಯ ಬಂದರೆ ಮೊದಲು ಓಡುತ್ತದೆ, ಆಮೇಲೆ ಯೋಚಿಸುತ್ತದೆ. ಅದರ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ ಸುತ್ತಲಿನದೆಲ್ಲವೂ ಬಹುಮಟ್ಟಿಗೆ ಕಾಣುತ್ತದೆ. ಕಾಣದಿರುವುದು ಎರಡೇ ಕಡೆ: ಹಣೆಯ ನೇರ ಮುಂದಿನ ತುಸು ಜಾಗ ಮತ್ತು ಬಾಲದ ನೇರ ಹಿಂದೆ. ಹಿಂದಿನಿಂದ ಸದ್ದಿಲ್ಲದೆ ಹೋದವರಿಗೆ ಒದೆ ಬೀಳುವುದು ಇದಕ್ಕಾಗಿ. ಆದುದರಿಂದ ಎಡ ಹೆಗಲಿನ ಕಡೆಯಿಂದ, ಮೆಲ್ಲಗೆ ಮಾತಾಡುತ್ತ ಹೋಗಬೇಕು. ಮೊದಲು ಕುತ್ತಿಗೆಯನ್ನು ಮುಟ್ಟಬೇಕು, ಮೋರೆಯನ್ನಲ್ಲ. ಕನ್ನಡದಲ್ಲಿ ಮಾತಾಡಿದರೂ ಅಡ್ಡಿಯಿಲ್ಲ, ಕುದುರೆ ನೋಡುವುದು ದನಿಯನ್ನು.

ಅದರ ಮನಸ್ಸನ್ನು ಅರಿಯಲು ಕಿವಿಗಳನ್ನು ನೋಡಿರಿ. ಕಿವಿ ಮುಂದಕ್ಕೆ ನಿಮಿರಿದ್ದರೆ ಲಕ್ಷ್ಯ ಎದುರಿಗಿದೆ. ಸಡಿಲವಾಗಿ ಪಕ್ಕಕ್ಕೆ ಬಿದ್ದಿದ್ದರೆ ಸಮಾಧಾನದಲ್ಲಿದೆ. ತಲೆಗೆ ಅಂಟಿದಂತೆ ಹಿಂದಕ್ಕೆ ಮಡಿಸಿದ್ದರೆ ಸಿಟ್ಟು ಬಂದಿದೆ ಅಥವಾ ನೋವಾಗಿದೆ. ಆಗ ದೂರ ಇರುವುದು ಲೇಸು. ಎರಡು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದೆ ಗ್ರೀಸಿನ ಕ್ಸೆನೊಫನ್ ಸವಾರಿಯ ಮೇಲೆ ಒಂದು ಗ್ರಂಥ ಬರೆದನು. ಸಿಟ್ಟಿನಲ್ಲಿರುವಾಗ ಕುದುರೆಯ ಬಳಿಗೆ ಹೋಗಬೇಡ ಎಂಬುದು ಅದರಲ್ಲಿಯ ಮುಖ್ಯ ಬುದ್ಧಿವಾದಗಳಲ್ಲೊಂದು. ಮಕ್ಕಳನ್ನು ಬೆಳೆಸುವವರಿಗೂ ಅದು ಸಲ್ಲುತ್ತದೆ.

ಜೀನು, ಹೊಟ್ಟೆಪಟ್ಟಿ, ರಿಕಾಪು

ಈಗ ಸಾಮಾನಿನ ಮಾತು. ಮರಾಠಿಯಲ್ಲಿ ಕೆಲಸಕ್ಕೆ ಬಾರದವರನ್ನು ತುಂಬಿಕೊಳ್ಳುವುದಕ್ಕೆ 'ಖೋಗೀರಭರತಿ' ಎನ್ನುತ್ತಾರೆ, ನಾವೆಲ್ಲ ಕೇಳಿದ ಮಾತೇ. ಖೋಗೀರು ಎಂದರೆ ಜೀನು. ಅದರೊಳಗೆ ಸಿಕ್ಕ ಸಿಕ್ಕ ಚಿಂದಿಯನ್ನು ತುಂಬುವುದು ಖೋಗೀರಭರತಿ. ಮಾತು ಹಾಸ್ಯದ್ದಾದರೂ ಕುದುರೆಯ ಪಾಲಿಗೆ ಹಾಸ್ಯವಲ್ಲ. ಜೀನಿನ ಒಳತುಂಬು ಗಂಟುಗಂಟಾಗಿದ್ದರೆ ಭಾರವೆಲ್ಲ ಒಂದೇ ಕಡೆ ಬಿದ್ದು ಬೆನ್ನು ಹುಣ್ಣಾಗುತ್ತದೆ.

ಒಳ್ಳೆಯ ಜೀನು ಬೆನ್ನೆಲುಬಿನ ಮೇಲೆ ಕೂಡುವುದೇ ಇಲ್ಲ; ಎಲುಬಿನ ಎರಡು ಪಕ್ಕದ ಮಾಂಸದ ಮೇಲೆ ಕೂಡುತ್ತದೆ, ನಡುವೆ ಗಾಳಿಯಾಡುವ ಕಾಲುವೆ ಇರುತ್ತದೆ. ಕುತ್ತಿಗೆ ಮುಗಿದು ಬೆನ್ನು ಮೊದಲಾಗುವಲ್ಲಿ ಒಂದು ಉಬ್ಬಿದೆಯಲ್ಲ, ಸವಾರ ಕುಳಿತ ಮೇಲೂ ಆ ಉಬ್ಬಿಗೂ ಜೀನಿಗೂ ನಡುವೆ ಎರಡು ಮೂರು ಬೆರಳು ಹೋಗುವಷ್ಟು ಜಾಗ ಇರಬೇಕು. ಜೀನಿನ ಕೆಳಗಿನ ಬಟ್ಟೆ ಒಣಗಿ ಶುಚಿಯಾಗಿರಬೇಕು, ಅದರಲ್ಲಿ ಮಡಿಕೆ ಇರಬಾರದು. ಜೀನನ್ನು ತುಸು ಮುಂದಕ್ಕೆ ಇಟ್ಟು ಹಿಂದಕ್ಕೆ ಸರಿಸಿದರೆ ಕೂದಲು ನೇರವಾಗಿ ಮಲಗುತ್ತದೆ. ಮುಂದಕ್ಕೆ ತಳ್ಳಿದರೆ ಕೂದಲು ಎದ್ದು ಚರ್ಮ ಕೆರೆಯುತ್ತದೆ.

ಹೊಟ್ಟೆಪಟ್ಟಿಯನ್ನು ಒಮ್ಮೆಗೇ ಬಿಗಿಯಬಾರದು. ಬಹಳ ಕುದುರೆಗಳು ಪಟ್ಟಿ ಕಟ್ಟುವಾಗ ಹೊಟ್ಟೆ ಉಬ್ಬಿಸಿ ನಿಲ್ಲುತ್ತವೆ. ನಾಲ್ಕು ಹೆಜ್ಜೆ ನಡೆದ ಕೂಡಲೇ ಹೊಟ್ಟೆ ಇಳಿಯುತ್ತದೆ, ಪಟ್ಟಿ ಸಡಿಲಾಗುತ್ತದೆ, ಜೀನು ಸವಾರನ ಸಮೇತ ಪಕ್ಕಕ್ಕೆ ತಿರುಗುತ್ತದೆ. ಆದುದರಿಂದ ಮೂರು ಸಲ ನೋಡಬೇಕು: ಜೀನು ಹಾಕಿದಾಗ, ಏರುವ ಮುನ್ನ, ಐದು ನಿಮಿಷ ನಡೆಸಿದ ಮೇಲೆ. ಮೂರನೆಯದನ್ನು ಮರೆಯುವವರೇ ಹೆಚ್ಚು.

ಇನ್ನು ರಿಕಾಪು. ಅಜ್ಜಿಯವರು ಅಂಜಬೇಕಾದ ಸಾಮಾನು ಏನಾದರೂ ಇದ್ದರೆ ಅದು ಇದು. ಬರೀ ಬಿದ್ದವರು ಸಾಮಾನ್ಯವಾಗಿ ಎದ್ದು ಮಣ್ಣು ಕೊಡವಿಕೊಳ್ಳುತ್ತಾರೆ. ಕಾಲು ರಿಕಾಪಿನಲ್ಲಿ ಸಿಕ್ಕಿಕೊಂಡು ಬಿದ್ದವರನ್ನು ಬೆದರಿದ ಕುದುರೆ ಎಳೆದುಕೊಂಡು ಹೋಗುತ್ತದೆ, ಜೀವಕ್ಕೆ ಎರವಾಗುವುದು ಅಲ್ಲಿ. ಇದನ್ನು ತಪ್ಪಿಸಲು ನಾಲ್ಕು ಕಟ್ಟಳೆಗಳಿವೆ. ರಿಕಾಪಿನ ಕಬ್ಬಿಣ ಬೂಟಿಗಿಂತ ಸುಮಾರು ಒಂದು ಅಂಗುಲ ಅಗಲವಾಗಿರಬೇಕು. ಕಿರಿದಾದರೆ ಪಾದ ಕಚ್ಚಿಕೊಳ್ಳುತ್ತದೆ, ತೀರ ಅಗಲವಾದರೆ ಪಾದವೇ ತೂರಿಹೋಗುತ್ತದೆ. ದೊಡ್ಡವರ ರಿಕಾಪಿನಲ್ಲಿ ಸಣ್ಣ ಮಕ್ಕಳನ್ನು ಕೂಡಿಸಬಾರದೆನ್ನುವುದು ಇದಕ್ಕೇ. ಎರಡನೆಯದು, ಪಾದದ ಮುಂಭಾಗ ಮಾತ್ರ ರಿಕಾಪಿನ ಮೇಲಿರಬೇಕು, ಹಿಮ್ಮಡಿ ಬೆರಳುಗಳಿಗಿಂತ ಕೆಳಗಿರಬೇಕು. ಮೂರನೆಯದು, ತುಸು ಹಿಮ್ಮಡಿ ಎತ್ತರವಿರುವ, ತಳ ನಯವಾಗಿರುವ ಬೂಟು ಬೇಕು. ಚಪ್ಪಲಿ ಬೇಡವೇ ಬೇಡ. ತಳದಲ್ಲಿ ಆಳವಾದ ಹಲ್ಲುಗಳಿರುವ ಆಟದ ಬೂಟೂ ಒಳ್ಳೆಯದಲ್ಲ. ನಾಲ್ಕನೆಯದು, ರಿಕಾಪಿನ ಚರ್ಮದ ಪಟ್ಟಿ ಜೀನಿಗೆ ಸಿಕ್ಕಿಸುವ ಕೊಂಡಿ ತೆರೆದಿರಬೇಕು. ಸವಾರ ಬಿದ್ದರೆ ಪಟ್ಟಿ ತಾನೇ ಕಳಚಿ ಬರಬೇಕು. ಕೆಲವರು ಪಟ್ಟಿಯನ್ನು ಹಗ್ಗದಿಂದ ಗಂಟುಹಾಕಿರುತ್ತಾರೆ. ಅಂಥ ಜೀನಿನ ಮೇಲೆ ಮಗುವನ್ನು ಕೂಡಿಸಬೇಡಿರಿ.

ರಿಕಾಪು ಎಷ್ಟು ಉದ್ದವಿರಬೇಕು? ಬೆರಳ ತುದಿಯನ್ನು ಪಟ್ಟಿಯ ಮೇಲುತುದಿಗೆ ಹಚ್ಚಿ ತೋಳು ಚಾಚಿದರೆ ಕಬ್ಬಿಣ ಕಂಕುಳಿಗೆ ಮುಟ್ಟಬೇಕು. ಇದು ಮೊದಲ ಅಂದಾಜು. ಕುಳಿತ ಮೇಲೆ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು.

ತಲೆಗೆ ಟೊಪ್ಪಿಗೆ ಕಡ್ಡಾಯ. ಸವಾರಿಗೆಂದೇ ಮಾಡಿದ, ಗದ್ದದ ಕೆಳಗೆ ಪಟ್ಟಿ ಬಿಗಿಯುವ ಗಟ್ಟಿ ಹೆಲ್ಮೆಟ್ಟು ಬೇಕು. ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಕೆಟ್ಟಿರುತ್ತದೆ, ಅದನ್ನು ತೆಗೆದುಹಾಕಬೇಕು. ಎಲ್ಲ ಸಾಮಾನನ್ನೂ ಬಾಡಿಗೆಗೆ ತಂದರೂ ಇದೊಂದನ್ನು ಸ್ವಂತಕ್ಕೆ ಕೊಳ್ಳಿರಿ. ಲಾಯದ ಮಣ್ಣಿನಲ್ಲಿಯೂ ಲದ್ದಿಯಲ್ಲಿಯೂ ಧನುರ್ವಾಯುವಿನ ಕ್ರಿಮಿಗಳಿರುವುದುಂಟು. ಮಗುವಿನ ಟೆಟನಸ್ ಚುಚ್ಚುಮದ್ದು ಸಮಯಕ್ಕೆ ಆಗಿದೆಯೇ ಎಂದು ಡಾಕ್ಟರನ್ನು ಕೇಳಿಕೊಳ್ಳುವುದೂ ಅವಶ್ಯ.

ಕಡಿವಾಣ ಮತ್ತು ಕೈ

ಕುದುರೆಯ ಬಾಯಲ್ಲಿ ಮುಂದಿನ ಹಲ್ಲುಗಳಿಗೂ ದವಡೆಯ ಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಜಾಗವಿದೆ. ಕಡಿವಾಣ ಕೂಡುವುದು ಅಲ್ಲಿ, ಬರೀ ಒಸಡಿನ ಮೇಲೆ. ಅಲ್ಲಿ ಎಳೆದರೆ ಎಷ್ಟು ನೋವಾದೀತೆಂದು ಹಲ್ಲುನೋವು ಕಂಡವರಿಗೆ ಹೇಳಬೇಕಾಗಿಲ್ಲ. ಕಡಿವಾಣ ಹಾಕಿದಾಗ ತುಟಿಯ ಮೂಲೆಯಲ್ಲಿ ಒಂದೆರಡು ಸಣ್ಣ ಸುಕ್ಕು ಬಿದ್ದರೆ ಸರಿ. ಜೋತುಬಿದ್ದರೆ ಹಲ್ಲಿಗೆ ಬಡಿಯುತ್ತದೆ, ಬಿಗಿದರೆ ತುಟಿ ಸೀಳುತ್ತದೆ. ಗಂಟಲ ಪಟ್ಟಿಯೊಳಗೆ ನಾಲ್ಕು ಬೆರಳು, ಮೂಗಿನ ಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಕಲಿಯುವವರಿಗೆ ನಡುವೆ ಕೀಲಿರುವ ಸಾದಾ ಕಡಿವಾಣವೇ ಸಾಕು. ಉದ್ದ ಸಲಾಕೆಗಳ ಕಠಿಣ ಕಡಿವಾಣ ನುರಿತ ಕೈಗೆ ಮಾತ್ರ. ಕಲಿಯದ ಕೈಯಲ್ಲಿ ಅದು ಹಿಂಸೆಯ ಸಾಧನ.

ಕುದುರೆ ಕಲಿಯುವ ಗುಟ್ಟು ಒಂದೇ ಮಾತಿನಲ್ಲಿದೆ. ಒತ್ತಿದ್ದರಿಂದ ಅದು ಕಲಿಯುವುದಿಲ್ಲ, ಒತ್ತಿದ್ದನ್ನು ಬಿಟ್ಟಾಗ ಕಲಿಯುತ್ತದೆ. ನಿಲ್ಲಿಸಲು ಲಗಾಮಿನ ಪಟ್ಟಿಯ ಮೇಲೆ ಬೆರಳು ಬಿಗಿ ಮಾಡಿದಿರಿ, ಕುದುರೆ ನಿಂತಿತು. ಆ ಕ್ಷಣವೇ ಬೆರಳು ಸಡಿಲಿಸಬೇಕು. 'ನಿಂತದ್ದು ಸರಿ' ಎಂದು ಅದಕ್ಕೆ ತಿಳಿಯುವುದು ಹಾಗೆ. ನಿಂತ ಮೇಲೂ ಎಳೆಯುತ್ತಲೇ ಇದ್ದರೆ ನಿಂತೂ ಸುಖವಿಲ್ಲವೆಂದು ಅದು ಬಾಯಿ ಕಲ್ಲು ಮಾಡಿಕೊಳ್ಳುತ್ತದೆ. ಕಾಲಿನಿಂದ ಒತ್ತಿ ಮುಂದೆ ನಡೆಸುವಾಗಲೂ ಹೀಗೆಯೇ. ಶಿಕ್ಷೆಯ ಮಾತಂತೂ ಇನ್ನೂ ನಾಜೂಕು: ತಪ್ಪು ನಡೆದು ಒಂದೆರಡು ಗಳಿಗೆ ಕಳೆದ ಮೇಲೆ ಬಾರಿಸಿದ ಚಾಬೂಕಿಗೂ ತನ್ನ ತಪ್ಪಿಗೂ ಸಂಬಂಧವಿದೆಯೆಂದು ಕುದುರೆಗೆ ತಿಳಿಯುವುದಿಲ್ಲ. ಅದಕ್ಕೆ ತಿಳಿಯುವುದು ಇಷ್ಟೇ: ಈ ಮನುಷ್ಯ ಸುಮ್ಮಸುಮ್ಮನೆ ಹೊಡೆಯುತ್ತಾನೆ.

ಲಗಾಮಿನ ಪಟ್ಟಿಯನ್ನು ಕೈಗೆ ಸುತ್ತಿಕೊಳ್ಳಬಾರದು. ಕುದುರೆಯನ್ನು ಹಿಡಿದು ನಡೆಸುವ ಹಗ್ಗವನ್ನೂ ಸುತ್ತಿಕೊಳ್ಳಬಾರದು. ಕುದುರೆ ಜಗ್ಗಿ ಓಡಿದರೆ ಕೈ ಬಿಡಿಸಿಕೊಳ್ಳಲು ಬರುವಂತಿರಬೇಕು.

ಕಲಿಕೆಯ ಕ್ರಮ

ಒಳ್ಳೆಯ ಗುರು ಮೊದಲ ದಿನವೇ ಓಡಿಸುವುದಿಲ್ಲ. ಏಳೆಂಟು ಮೀಟರಿನ ಉದ್ದ ಹಗ್ಗದಲ್ಲಿ ಕುದುರೆಯನ್ನು ತನ್ನ ಸುತ್ತ ತಿರುಗಿಸುತ್ತ, ಸವಾರನ ಕೈಗೆ ಲಗಾಮು ಕೊಡದೆಯೇ ಕೂಡಲು ಕಲಿಸುತ್ತಾನೆ. ಏಕೆಂದರೆ ತೂಕ ತಪ್ಪಿದವನು ಸಿಕ್ಕಿದ್ದನ್ನು ಹಿಡಿಯುತ್ತಾನೆ. ಕೈಯಲ್ಲಿ ಲಗಾಮಿದ್ದರೆ ಕುದುರೆಯ ಬಾಯಿಗೆ ಜೋತುಬೀಳುತ್ತಾನೆ. ಮೊದಲು ನಡುವು, ಆಮೇಲೆ ಕೈ. ಪಕ್ಕದಿಂದ ನೋಡಿದರೆ ಸವಾರನ ಕಿವಿ, ಹೆಗಲು, ಸೊಂಟ, ಹಿಮ್ಮಡಿ ಒಂದೇ ಗೆರೆಯಲ್ಲಿ ಬರಬೇಕು, ಕುರ್ಚಿಯಲ್ಲಿ ಕುಳಿತಂತಲ್ಲ, ಮೊಳಕಾಲು ಬಾಗಿಸಿ ನಿಂತಂತೆ.

ನಡಿಗೆ ಕೈವಶವಾದ ಮೇಲೆ ಟ್ರಾಟ್, ಮರಾಠಿಯವರ ದುಡಕಿ. ಇದರಲ್ಲಿ ಕುದುರೆ ಎಡ ಮುಂಗಾಲು ಬಲ ಹಿಂಗಾಲುಗಳನ್ನು ಒಟ್ಟಿಗೆ ಇಡುತ್ತದೆ, ಮರುಕ್ಷಣ ಇನ್ನೆರಡನ್ನು. ಒಂದು-ಎರಡು, ಒಂದು-ಎರಡು ಎಂಬ ತಾಳ. ತಾಳಕ್ಕೆ ಸರಿಯಾಗಿ ಒಂದಕ್ಕೆ ತುಸು ಎದ್ದು ಎರಡಕ್ಕೆ ಮೆಲ್ಲಗೆ ಕೂಡುವುದನ್ನು ಕಲಿತರೆ ಸವಾರನ ನಡುವೂ ಉಳಿಯುತ್ತದೆ, ಕುದುರೆಯ ಬೆನ್ನೂ ಉಳಿಯುತ್ತದೆ. ನಮ್ಮ ಸಂಘದ ಭಜನೆಯಲ್ಲಿ ತಾಳ ಹಾಕಿದ ಮಕ್ಕಳಿಗೆ ಇದು ಬೇಗ ಬರುತ್ತದೆಂದು ನಮಗೆ ನಂಬಿಕೆ. ಕ್ಯಾಂಟರ್ ಮೂರು ತಾಳದ್ದು, ಅದು ಆಮೇಲೆ. ಭರಧಾವ ಓಟದ ಮಾತನ್ನು ಮೊದಲ ವರ್ಷ ಎತ್ತಲೇಬೇಡಿರಿ.

ಕುದುರೆ ಬೆದರಿ ಓಡತೊಡಗಿದರೆ? ಒಂದೇ ಸಮ ಎಳೆದು ಹಿಡಿದರೆ ಅದು ಆ ಎಳೆತಕ್ಕೆ ಆತು ಇನ್ನೂ ಓಡುತ್ತದೆ. ಕೂಗಬಾರದು, ಮುಂದಕ್ಕೆ ಬಾಗಬಾರದು. ನೆಟ್ಟಗೆ ಕುಳಿತು, ಎಳೆದು ಬಿಟ್ಟು ಎಳೆದು ಬಿಟ್ಟು, ಜಾಗವಿದ್ದರೆ ದೊಡ್ಡ ಸುತ್ತಿನಲ್ಲಿ ತಿರುಗಿಸುತ್ತ ಸುತ್ತನ್ನು ಕಿರಿದು ಮಾಡುತ್ತ ಬರಬೇಕು. ಇದನ್ನು ನಡಿಗೆಯಲ್ಲಿರುವಾಗಲೇ ನೂರು ಸಲ ಅಭ್ಯಾಸ ಮಾಡಿದವರಿಗೆ ಮಾತ್ರ ಆ ಹೊತ್ತಿಗೆ ನೆನಪಾಗುತ್ತದೆ.

ಸವಾರಿ ಇಳಿದ ಕೂಡಲೇ ಪಾಠ ಮುಗಿಯಲಿಲ್ಲ. ಹೊಟ್ಟೆಪಟ್ಟಿ ಸಡಿಲಿಸಿ ಬೆವರು ಆರುವವರೆಗೆ ನಡೆಸಬೇಕು, ನೀರು ಕೊಡಬೇಕು, ಖರಾರದಿಂದ ಮೈ ತಿಕ್ಕಬೇಕು, ಒಂದೊಂದಾಗಿ ಕಾಲೆತ್ತಿ ಗೊರಸಿನೊಳಗಿನ ಕಲ್ಲುಮಣ್ಣು ತೆಗೆಯಬೇಕು. ಪುಣೆಯ ಮಳೆಗಾಲದಲ್ಲಿ ಕೆಸರು ನಿಂತ ಗೊರಸು ಕೊಳೆತು ನಾರತೊಡಗುತ್ತದೆ. ಆ ವಾಸನೆಯನ್ನು ಗುರುತು ಹಿಡಿಯುವುದೂ ವಿದ್ಯೆಯೇ. ಗೊರಸು ನಮ್ಮ ಉಗುರಿನಂತೆ ಬೆಳೆಯುತ್ತಲೇ ಇರುವುದರಿಂದ ಆರು ಎಂಟು ವಾರಕ್ಕೊಮ್ಮೆ ನಾಲಬಂದನ ಕೈ ಬೇಕು. ಕುದುರೆಯ ಹೊಟ್ಟೆ ದೇಹಕ್ಕೆ ಹೋಲಿಸಿದರೆ ಸಣ್ಣದು, ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ. ಒಮ್ಮೆಗೇ ಬಹಳ ಕಾಳು ತಿಂದರೆ ಹೊಟ್ಟೆಶೂಲೆಯಿಂದ ಸತ್ತೇಹೋಗಬಹುದು. ಹುಲ್ಲು ಹೆಚ್ಚು, ಕಾಳು ಕಡಿಮೆ, ಅದೂ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಎಂಬುದು ನಿಯಮ. ಮಗುವಿಗೆ ಈ ಕೆಲಸಗಳನ್ನೂ ಕಲಿಸುವ ಶಾಲೆಯನ್ನೇ ಆರಿಸಿರಿ. ಇನ್ನೊಬ್ಬರು ಸಿದ್ಧಮಾಡಿ ನಿಲ್ಲಿಸಿದ ಕುದುರೆಯನ್ನು ಏರಿ ಇಳಿದು ಹೋಗುವವರು ಗಿರಾಕಿಗಳು, ಸವಾರರಲ್ಲ.

ಇಲ್ಲೊಂದು ಎಚ್ಚರಿಕೆ. ರೇಸಿನಿಂದ ನಿವೃತ್ತವಾದ ಕುದುರೆಗಳು ಪುಣೆಯಂಥ ಊರಿನಲ್ಲಿ ಕಡಿಮೆ ಬೆಲೆಗೆ ಸಿಗುವುದುಂಟು, ಮನಸ್ಸು ಆಸೆಪಡುವುದೂ ಉಂಟು. ಓಡುವುದೊಂದನ್ನೇ ಕಲಿತ ಪ್ರಾಣಿಗೆ ನಿಧಾನವನ್ನು ಹೊಸದಾಗಿ ಕಲಿಸಲು ನುರಿತವರಿಗೇ ತಿಂಗಳುಗಟ್ಟಲೆ ಬೇಕು. ಹಸಿ ಸವಾರನಿಗೆ ಹಸಿ ಕುದುರೆ ಕೂಡದು. ಮಗು ಎಷ್ಟು ಚಿಕ್ಕದೋ ಕುದುರೆ ಅಷ್ಟು ವಯಸ್ಸಾದದ್ದೂ ಶಾಂತವಾದದ್ದೂ ಆಗಿರಲಿ.

ಗುಡ್ಡದ ಮೇಲಿನ ಸವಾರಿ

ರಜೆಗೆ ಮಹಾಬಳೇಶ್ವರಕ್ಕೋ ಮಾಥೇರಾನಕ್ಕೋ ಹೋದಾಗ ಅರ್ಧ ಗಂಟೆ ಕುದುರೆ ಏರುವವರಿಗೂ ಎರಡು ಮಾತು ಹೇಳಬೇಕು. ಸವಾರನೂ ಜೀನೂ ಸೇರಿ ಕುದುರೆಯ ತೂಕದ ಐದನೆಯ ಒಂದು ಪಾಲಿಗೆ ಮೀರಬಾರದೆಂಬುದು ಸಾಮಾನ್ಯ ಲೆಕ್ಕ. ಮುನ್ನೂರು ಕಿಲೋ ತೂಗುವ ತಟ್ಟುವಿಗೆ ಅರವತ್ತು ಕಿಲೋ. ಅದರಲ್ಲಿ ಜೀನಿನ ಭಾರ ಕಳೆದರೆ ಉಳಿಯುವುದು ಐವತ್ತರ ಸುಮಾರು. ಸಂಘದ ವಾರ್ಷಿಕ ಊಟದಲ್ಲಿ ಹೋಳಿಗೆಗೆ ನ್ಯಾಯ ಸಲ್ಲಿಸುವ ನಮ್ಮ ಹಿರಿಯ ಸದಸ್ಯರು ಈ ಲೆಕ್ಕವನ್ನು ತಾವೇ ಹಾಕಿಕೊಂಡು ಕೆಳಗೇ ನಿಂತು ಫೋಟೋ ತೆಗೆಯುವುದು ಲೇಸು.

ಮಗುವನ್ನು ಕೂಡಿಸುವ ಮುನ್ನ ಕುದುರೆಯನ್ನು ನಡೆಸಿ ನೋಡಿರಿ. ಕುಂಟುತ್ತಿದ್ದರೆ, ಜೀನಿನ ಅಂಚಿನಲ್ಲಿ ಹುಣ್ಣು ಕಂಡರೆ, ಮೂಗಿನಿಂದ ಕೀವು ಸೋರುತ್ತಿದ್ದರೆ ಬೇಡವೆನ್ನಿರಿ. ಮೂಗು ಸೋರುವ ಕುದುರೆಯಿಂದ ಮನುಷ್ಯರಿಗೂ ತಗಲುವ ಗ್ಲ್ಯಾಂಡರ್ಸ್ ಎಂಬ ಕೆಟ್ಟ ರೋಗವಿದೆ. ಹೊಟ್ಟೆಪಟ್ಟಿಯನ್ನು ಕೈಯಿಂದ ಎಳೆದು ನೋಡಿರಿ. ಮಗುವಿನ ಪಾದ ರಿಕಾಪಿನಿಂದ ತೂರುತ್ತಿದ್ದರೆ ರಿಕಾಪು ಬಿಟ್ಟು ಕೂಡಿಸಿ ಪಕ್ಕದಲ್ಲಿ ನೀವೇ ನಡೆಯಿರಿ. ಕುದುರೆಯವನು ಹಗ್ಗ ಹಿಡಿದು ನಡೆಯಬೇಕು, ಓಡಿಸಬಾರದು. ಇದನ್ನು ಅವನಿಗೆ ಜಬರಿಸಿ ಹೇಳಬೇಕಾಗಿಲ್ಲ. "ದಾದಾ, ನಡೆಸಿಕೊಂಡೇ ಹೋಗಿರಿ, ಹಣ ಪೂರ್ತಿ ಕೊಡುತ್ತೇವೆ" ಎಂದರೆ ಅವನಿಗೂ ಸಮಾಧಾನ. ಅವನು ಓಡಿಸುವುದು ಹೆಚ್ಚು ಸುತ್ತು ಹೊಡೆದು ನಾಲ್ಕು ಕಾಸು ಹೆಚ್ಚು ಗಳಿಸಲು. ಮನೆಯಲ್ಲಿ ಉಣ್ಣುವ ಬಾಯಿಗಳಿರುತ್ತವೆ, ಕುದುರೆಯ ಬಾಯಿಯೂ ಅವುಗಳಲ್ಲೊಂದು. ಹುಣ್ಣಾದ ಕುದುರೆಯನ್ನು ನಾವೆಲ್ಲರೂ ಬಿಟ್ಟು ಗುಣವಾಗಿರುವ ಕುದುರೆಗೆ ಎರಡು ರೂಪಾಯಿ ಹೆಚ್ಚು ಕೊಟ್ಟೆವೆಂದರೆ, ಕುದುರೆಯನ್ನು ಚೆನ್ನಾಗಿ ನೋಡಿಕೊಂಡವನಿಗೆ ಲಾಭವಾಗುತ್ತದೆ. ಬರೀ ಮರುಕದ ಮಾತಿಗಿಂತ ಇದರಿಂದ ಕೆಲಸವಾದೀತು.

ಅಜ್ಜಿಯವರಿಗೆ

ಇನ್ನು 'ಹೆಣ್ಣು ಹುಡುಗಿ' ಎಂಬ ಮಾತು. ಒಲಿಂಪಿಕ್ ಕುದುರೆ ಸವಾರಿಯಲ್ಲಿ ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಪಂದ್ಯಗಳಿಲ್ಲ, ಎಲ್ಲರೂ ಒಂದೇ ಅಂಗಳದಲ್ಲಿ ಸ್ಪರ್ಧಿಸುತ್ತಾರೆ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಶಿಯನ್ ಆಟಗಳಲ್ಲಿ ಎರಡು ಬೆಳ್ಳಿಯ ಪದಕ ಗೆದ್ದು 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಕಿಗೂ ಹೋಗಿ ಬಂದರು. 2023ರಲ್ಲಿ ಚೀನಾದ ಹಾಂಗ್‌ಝೌದಲ್ಲಿ ಭಾರತಕ್ಕೆ ಡ್ರೆಸಾಜ್ ಪಂದ್ಯದ ಬಂಗಾರ ತಂದ ನಾಲ್ವರಲ್ಲಿ ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್ ಇಬ್ಬರು ತರುಣಿಯರು. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬಾಕೆಗೆ 1944ರಲ್ಲಿ ಪೋಲಿಯೋ ತಗಲಿ ಮೊಳಕಾಲಿನ ಕೆಳಗೆ ಸ್ವಾಧೀನ ತಪ್ಪಿತು. ಕುದುರೆ ಏರಲು ಇಳಿಯಲು ಇನ್ನೊಬ್ಬರ ನೆರವು ಬೇಕಾದ ಆಕೆ 1952ರಲ್ಲಿಯೂ 1956ರಲ್ಲಿಯೂ ಒಲಿಂಪಿಕ್ ಬೆಳ್ಳಿ ಗೆದ್ದಳು. ಸವಾರಿಯಲ್ಲಿ ಬಲದ ಕೆಲಸ ಎಷ್ಟು ಕಡಿಮೆ, ಸೂಕ್ಷ್ಮದ ಕೆಲಸ ಎಷ್ಟು ಹೆಚ್ಚು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದುದರಿಂದ ಅಜ್ಜಿಯವರಿಗೆ ನಮ್ಮ ವಿನಂತಿ ಇಷ್ಟು: ತಾವೇ ಒಂದು ದಿನ ಮೊಮ್ಮಗಳ ಸಂಗಡ ಶಾಲೆಗೆ ಹೋಗಿ ಬೆಂಚಿನ ಮೇಲೆ ಕುಳಿತು ನೋಡಿರಿ. ಮಕ್ಕಳೆಲ್ಲರ ತಲೆಗೆ ಹೆಲ್ಮೆಟ್ಟಿದೆಯೇ? ಹೊಸಬರನ್ನು ಉದ್ದ ಹಗ್ಗದಲ್ಲಿ ತ���ರುಗಿಸುತ್ತಾರೆಯೇ? ಕುದುರೆಗಳ ಬೆನ್ನು ಬಾಯಿ ಶುಚಿಯಾಗಿವೆಯೇ? ಸಯೀಸ ಹತ್ತಿರ ಬಂದರೆ ಕುದುರೆ ತಲೆ ಎತ್ತಿ ಹಿಂದೆ ಸರಿಯುತ್ತದೆಯೋ, ಕಿವಿ ಮುಂದೆ ಮಾಡಿ ಅವನ ಕಡೆಗೆ ಬರುತ್ತದೆಯೋ? ಈ ನಾಲ್ಕರ ಉತ್ತರ ಮನಸ್ಸಿಗೆ ಬಂದರೆ ಹುಡುಗಿಯನ್ನು ಕಳಿಸಿರಿ. ಬಾರದಿದ್ದರೆ ಆ ಶಾಲೆಗೆ ಬೇಡವೆನ್ನಿರಿ, ಸವಾರಿಗೆ ಬೇಡವೆನ್ನಬೇಡಿರಿ. ಆಕಳು ಎಮ್ಮೆಗಳ ಸಂಗಡ ಬೆಳೆದ ತಮ್ಮ ಕಣ್ಣಿಗೆ ನೊಂದ ಪ್ರಾಣಿ ಯಾವುದು, ಸುಖವಾಗಿರುವ ಪ್ರಾಣಿ ಯಾವುದು ಎಂಬುದು ನಮಗಿಂತ ಬೇಗ ತಿಳಿಯುತ್ತದೆ.

ಬರುವ ಜ್ಯೇಷ್ಠದಲ್ಲಿ ಅಂಕಲಿಯ ಕುದುರೆಗಳು ಪುಣೆಗೆ ಬಂದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ದೂರದಿಂದಲೇ ತೋರಿಸಿರಿ. ಕೃಷ್ಣೆಯ ದಂಡೆಯಿಂದ ನಮ್ಮ ಹಾಗೆಯೇ ಈ ಊರಿಗೆ ಬಂದವು ಅವು. ವ್ಯತ್ಯಾಸವೆಂದರೆ ನಾವು ರೈಲಿನಲ್ಲಿ ಬಂದೆವು, ಅವು ನಡೆದು ಬರುತ್ತವೆ. ಮುಂದಿನ ಸಂಚಿಕೆಯಲ್ಲಿ ಸೈಕಲ್ಲಿನ ವಿಷಯ. ಅದಕ್ಕೆ ಹುರುಳಿ ಬೇಡ, ಆದರೆ ಎಣ್ಣೆ ಬೇಕು.